ದೀರ್ಘಕಾಲದ ಲುಕೇಮಿಯಾ ಜೊತೆ ಬಾಳುವೆ: ಆಸ್ಪತ್ರೆ ಬೆಂಚಿನ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮದ್ದೂರು ತಾಲೂಕಿನವಳು, ಮದುವೆಯಾಗಿ ಮೈಸೂರಿಗೆ ಬಂದವಳು. 2012ರ ಮಳೆಗಾಲದಲ್ಲಿ ಎಡಪಕ್ಕೆಯ ಕೆಳಗೆ ಏನೋ ಭಾರ ಶುರುವಾಯಿತು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಮೂರು ತಿಂಗಳು ಕಳೆದೆ. ಕೊನೆಗೆ ರಕ್ತ ಕೊಟ್ಟಾಗ ಬಿಳಿ ರಕ್ತಕಣ 11,000ದ ಒಳಗೆ ಇರಬೇಕಾದದ್ದು ಒಂದು ಲಕ್ಷ ಎಂಬತ್ತು ಸಾವಿರ ಇತ್ತು. ಪಕ್ಕೆಯ ಭಾರ ಊದಿಕೊಂಡ ಗುಲ್ಮದ್ದು (ಸ್ಪ್ಲೀನ್). ಕಾಯಿಲೆಯ ಹೆಸರು ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ನಿಧಾನವಾಗಿ ಸಾಗುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಅವತ್ತಿನಿಂದ ದಿನಕ್ಕೊಂದು ಮಾತ್ರೆ, ತುಂಬಿದ ಲೋಟ ನೀರು.

ತಪಾಸಣೆಗೆ ಹೋದಾಗ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ಮಾತಿಗೆ ಸಿಗುತ್ತಾರೆ. ನಾಗಮಂಗಲದವರು, ಟಿ. ನರಸೀಪುರದವರು, ಪಾಂಡವಪುರದವರು. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಮಾತ್ರೆ, ಡೋಸು ಏನೇ ಬದಲಾದರೂ ಅದು ನಿಮ್ಮ ರಕ್ತರೋಗ ತಜ್ಞರ ಮಾತಿನ ಮೇಲೆಯೇ ಆಗಬೇಕು. ಇಷ್ಟು ವರ್ಷ ನೋಡಿದ್ದರಲ್ಲಿ ನನಗೆ ಖಚಿತವಾದದ್ದು ಇದು: ನಮ್ಮಂಥವರ ಬಾಳನ್ನು ಹೆಚ್ಚಾಗಿ ಕೆಡಿಸುವುದು ಬಾಯಿ ಬಿಡದೆ ಸಹಿಸಿಕೊಳ್ಳುವುದು, ಸಹಿಸಿ ಸಾಕಾಗಿ ಒಂದು ದಿನ ಯಾರಿಗೂ ಹೇಳದೆ ಮಾತ್ರೆ ಬಿಡುವುದು.

ಬ್ಲಡ್ ಕ್ಯಾನ್ಸರ್ ಅಂದ್ರಲ್ಲ, ಇನ್ನೆಷ್ಟು ದಿನ?

ರೋಗಿ ನೀರು ಕುಡಿಯಲು ಎದ್ದು ಹೋದಾಗ ಜೊತೆಗೆ ಬಂದವರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ನಾವು ಬೆಳೆದ ಕಾಲದ ಸಿನಿಮಾಗಳಲ್ಲಿ ಬ್ಲಡ್ ಕ್ಯಾನ್ಸರ್ ಬಂದ ನಾಯಕಿ ಮಧ್ಯಂತರದ ಆಚೆ ಬದುಕುತ್ತಿರಲಿಲ್ಲ. ಆ ಭಯ ಇನ್ನೂ ಹೋಗಿಲ್ಲ.

ಲುಕೇಮಿಯಾದಲ್ಲಿ ದಿಢೀರನೆ ಏರುವ ಬಗೆ ಬೇರೆ, ನಿಧಾನವಾಗಿ ಸಾಗುವ ಬಗೆ ಬೇರೆ. ನಾವು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ. ಸಿಎಂಎಲ್‌ಗೆ 2001ರಲ್ಲಿ ಇಮಾಟಿನಿಬ್ ಎಂಬ ಮಾತ್ರೆ ಬಳಕೆಗೆ ಬಂತು. ಅದಕ್ಕೂ ಮೊದಲು ಇಂಟರ್‌ಫೆರಾನ್ ಚುಚ್ಚುಮದ್ದು ಅಥವಾ ಅಸ್ಥಿಮಜ್ಜೆಯ ಕಸಿ ಇತ್ತು, ಬಹಳ ಜನ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದರು. ಈಗ ಮೊದಲ ಹಂತದಲ್ಲೇ ಪತ್ತೆಯಾಗಿ, ಮಾತ್ರೆ ತಪ್ಪಿಸದೆ ತೆಗೆದುಕೊಂಡು, ಪರೀಕ್ಷೆಗಳು ಚೆನ್ನಾಗಿ ಬರುತ್ತಿರುವವರ ಆಯಸ್ಸು ಉಳಿದವರ ಆಯಸ್ಸಿನ ಹತ್ತಿರಕ್ಕೇ ಬಂದಿದೆ. ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲುಕೇಮಿಯಾ, ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಕೆಲವರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ಕೆಲವರಿಗೆ ಬೇಗ ಬೇಕಾಗುತ್ತದೆ. ದಿನ ಎಣಿಸಿ ಹೇಳಲು ಯಾರಿಗೂ ಆಗದು.

ಇದು ಯಾಕೆ ಬಂತು? ನಾವೇನು ಪಾಪ ಮಾಡಿದ್ದೆವು?

ಪಾಪವೂ ಇಲ್ಲ, ಶಾಪವೂ ಇಲ್ಲ. ಸಿಎಂಎಲ್‌ನಲ್ಲಿ 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುತ್ತವೆ. ಹಾಗೆ ಹುಟ್ಟಿದ ಗಿಡ್ಡ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲು ಕಂಡರು, ಅದಕ್ಕೇ ಫಿಲಡೆಲ್ಫಿಯಾ ಕ್ರೋಮೋಸೋಮ್ ಅನ್ನುತ್ತಾರೆ. 1973ರಲ್ಲಿ ಜಾನೆಟ್ ರೌಲಿ ಎಂಬ ವಿಜ್ಞಾನಿ ಅದು ಅದಲುಬದಲು ಅಂತ ತೋರಿಸಿದರು. ಈ ಬದಲಾವಣೆಯಿಂದ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟಿ, ಬಿಳಿ ರಕ್ತಕಣಗಳಿಗೆ ನಿಲ್ಲದೆ ಬೆಳೆಯಿರಿ ಅಂತ ಹೇಳುತ್ತಲೇ ಇರುತ್ತದೆ. ಮಾತ್ರೆ ಮಾಡುವುದು ಆ ಮಾತನ್ನು ನಿಲ್ಲಿಸುವ ಕೆಲಸ. ವರ್ಷಕ್ಕೊಮ್ಮೆ ಸೆಪ್ಟೆಂಬರ್ 22ನ್ನು ವಿಶ್ವ ಸಿಎಂಎಲ್ ದಿನ ಅಂತ ಆಚರಿಸುವುದೂ ಈ 9 ಮತ್ತು 22ರ ಲೆಕ್ಕದಲ್ಲೇ.

ಈ ಅದಲುಬದಲು ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಇಳಿಯುವುದೂ ಇಲ್ಲ. ಸಿಎಲ್‌ಎಲ್ ಇದ್ದವರ ಹತ್ತಿರದ ರಕ್ತಸಂಬಂಧಿಗಳಿಗೆ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೂ ಹೆಚ್ಚಿನವರಿಗೆ ಬರುವುದಿಲ್ಲ. ಮನೆಮಂದಿಯನ್ನೆಲ್ಲ ಪರೀಕ್ಷೆಗೆ ಎಳೆದುಕೊಂಡು ಹೋಗಬೇಕಿಲ್ಲ.

ಮುಟ್ಟಿದರೆ ಬರುತ್ತಾ? ಒಂದೇ ತಟ್ಟೆಯಲ್ಲಿ ಉಂಡರೆ?

ಬರುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಿ. ರಕ್ತದಾನ ಮಾತ್ರ ನಾವು ಮಾಡುವಂತಿಲ್ಲ.

ಅಪ್ಪನಿಗೆ ಸಿಎಲ್‌ಎಲ್ ಅಂದರು, ಆದರೆ ಔಷಧಿ ಕೊಡದೆ ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ನಾವು ಬಡವರು ಅಂತಲಾ? ಕೈಬಿಟ್ಟರಾ?

ಈ ನೋವನ್ನು ಎಷ್ಟೋ ಮಕ್ಕಳ ಕಣ್ಣಲ್ಲಿ ಕಂಡಿದ್ದೇನೆ. ಕೈಬಿಟ್ಟಿಲ್ಲ. ತೊಂದರೆ ಕೊಡದ ಸಿಎಲ್‌ಎಲ್‌ಗೆ ಮೊದಲೇ ಔಷಧಿ ಶುರುಮಾಡಿದರೆ ಆಯಸ್ಸು ಹೆಚ್ಚುತ್ತದೆ ಅಂತ ಇದುವರೆಗೆ ಕಂಡಿಲ್ಲ, ಅಡ್ಡಪರಿಣಾಮ ಮಾತ್ರ ಮೊದಲೇ ಶುರುವಾಗುತ್ತದೆ. ಹಾಗಾಗಿ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಲಂಡನ್ನಿನಲ್ಲಿದ್ದರೂ ಇದನ್ನೇ ಹೇಳುತ್ತಾರೆ, ಮಂಡ್ಯದಲ್ಲಿದ್ದರೂ ಇದನ್ನೇ ಹೇಳುತ್ತಾರೆ. ಬಿಳಿ ರಕ್ತಕಣ ಎಷ್ಟು ಅನ್ನುವ ಒಂದೇ ಅಂಕಿ ನೋಡಿ ತೀರ್ಮಾನಿಸುವುದಿಲ್ಲ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯುತ್ತಿದೆಯೇ, ಕುತ್ತಿಗೆ ಕಂಕುಳಿನ ಗಂಟುಗಳು, ಗುಲ್ಮ ದೊಡ್ಡದಾಗುತ್ತಿವೆಯೇ, ಆರು ತಿಂಗಳೊಳಗೆ ಕಣಗಳು ಇಮ್ಮಡಿಯಾದವೇ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಕಾರಣವಿಲ್ಲದೆ ಜ್ವರ, ಆರು ತಿಂಗಳಲ್ಲಿ ಮೈತೂಕದ ಹತ್ತರಲ್ಲೊಂದು ಭಾಗ ಇಳಿದಿದೆಯೇ ಅಂತ ನೋಡುತ್ತಾರೆ.

ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಮಂಡ್ಯದ ಯಜಮಾನರೊಬ್ಬರು ನನಗೆ ಬೆಂಚಿನ ಮೇಲೆಯೇ ಪರಿಚಯವಾದದ್ದು, ನನ್ನನ್ನು ತಂಗ್ಯವ್ವಾ ಅನ್ನುತ್ತಾರೆ. ಆರು ವರ್ಷ ಅವರು ಬರಿಗೈಲಿ ಬಂದು ಬರಿಗೈಲಿ ಹೋದರು. "ಕ್ಯಾನ್ಸರ್ ಅಂತೀರಿ, ಔಷ್ದಿ ಕೊಡಾಕಿಲ್ಲ ಅಂತೀರಿ, ರಾತ್ರಿ ನಿದ್ದೆ ಹೆಂಗ್ ಬರ್ಬೇಕು ತಂಗ್ಯವ್ವಾ?" ಅನ್ನುತ್ತಿದ್ದರು. ಕಾಯುವವರ ಸಂಕಟ ಮಾತ್ರೆ ತಿನ್ನುವವರಿಗಿಂತ ಕಡಿಮೆಯದಲ್ಲ. ಅವರು ಒಂದು ದಿನ ಧೈರ್ಯಮಾಡಿ, ಯಾವ ಲಕ್ಷಣ ಕಂಡರೆ ಔಷಧಿ ಶುರುಮಾಡುತ್ತೀರಿ ಅಂತ ಡಾಕ್ಟರನ್ನೇ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡರು. ಆ ಚೀಟಿ ಜೇಬಿಗೆ ಬಂದ ಮೇಲೆ ನಿದ್ದೆ ಬಂತಂತೆ. ನೀವೂ ಬರೆಸಿಕೊಳ್ಳಿ.

ಈಗ ಮೈಯಲ್ಲಿ ಏನೂ ತೊಂದರೆಯಿಲ್ಲ. ವಾರಕ್ಕೊಂದು ಮಾತ್ರೆ ಬಿಟ್ಟರೆ ಏನಾಗುತ್ತೆ?

ಇದು ಸಿಎಂಎಲ್‌ನವರ ಪ್ರಶ್ನೆ, ನಾನೂ ಒಂದು ಕಾಲದಲ್ಲಿ ಮನಸ್ಸಿನಲ್ಲೇ ಕೇಳಿಕೊಂಡದ್ದು. ಎರಡನೇ ವರ್ಷದಲ್ಲಿ ವಾಕರಿಕೆ ತಾಳಲಾರದೆ ಹಬ್ಬ, ಮದುವೆ, ನೆಂಟರ ಮನೆ ಅಂತ ನೆಪ ಹೂಡಿ ಬಿಡುತ್ತಿದ್ದೆ. ಡಾಕ್ಟರು ಕೇಳಿದಾಗ ದಿನಾ ತಗೋತೀನಿ ಸಾರ್ ಅಂತ ಸುಳ್ಳು ಹೇಳಿದೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಕಾಯಿಲೆಯ ಅಂಕಿ ಮೇಲೆ ಹೋಯಿತು. ಔಷಧಿ ಕೆಲಸಮಾಡುತ್ತಿಲ್ಲ, ಬದಲಿಸಬೇಕೇನೋ ಅಂತ ಅವರು ಯೋಚಿಸುತ್ತಿದ್ದಾಗ ನಾಚಿಕೆಯಿಂದ ನಿಜ ಹೇಳಿದೆ. ಅವರು ಬೈಯಲಿಲ್ಲ. ವಾಕರಿಕೆ ಅಂತ ಮೊದಲೇ ಹೇಳಿದ್ದರೆ ಸರಿಪಡಿಸಬಹುದಿತ್ತಲ್ಲಮ್ಮ ಅಂದರು. ಬೆಳಿಗ್ಗೆ ಅರೆಹೊಟ್ಟೆಯಲ್ಲಿ ನುಂಗುತ್ತಿದ್ದುದನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿದ್ದಷ್ಟೇ, ಮುಕ್ಕಾಲು ಪಾಲು ಕಡಿಮೆಯಾಯಿತು.

2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ನೂರಕ್ಕೆ ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ಮಾತ್ರೆ ತೆಗೆದುಕೊಂಡವರಲ್ಲಿ ಒಳ್ಳೆಯ ಫಲಿತಾಂಶ ಕಂಡದ್ದು ಬಹಳ ಕಡಿಮೆ. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಆ ಗೆರೆಗೆ ಬಂದಂತೆ. ಮರೆತುಹೋದರೆ ಮರುದಿನ ಎರಡು ನುಂಗಬೇಡಿ, ಎಂದಿನ ಹೊತ್ತಿಗೆ ಒಂದೇ ನುಂಗಿ.

ಸುಸ್ತು, ಸುಸ್ತು, ಬರೀ ಸುಸ್ತು. ಮನೆಯವರು ಸೋಮಾರಿ ಅಂತಾರೆ. ಏನು ಮಾಡಲಿ?

ಈ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೂರುತ್ತೇನೆ, ಯಾಕೆಂದರೆ ಬೇರೆಲ್ಲಾ ತೊಂದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ ಇಡೀ ದಿನ ನಾಟಿ ಹಾಕಿ ಬಂದ ಹಾಗಿರುತ್ತದೆ. ರಿಪೋರ್ಟು ಚೆನ್ನಾಗಿದೆಯಲ್ಲ, ಮತ್ತೇನು ನಿಂದು ಅನ್ನುತ್ತಾರೆ ಮನೆಯವರು. ರಿಪೋರ್ಟು ಚೆನ್ನಾಗಿದ್ದೂ ಸುಸ್ತಿರಬಹುದು. ಇದು ಕಾಯಿಲೆಯದ್ದೂ ಹೌದು, ಮಾತ್ರೆಯದ್ದೂ ಹೌದು.

ಮೊದಲು ಸರಿಪಡಿಸಬಹುದಾದ ಕಾರಣ ಹುಡುಕಬೇಕು. ರಕ್ತಹೀನತೆ, ಥೈರಾಯ್ಡ್, ಬಿ12 ಮತ್ತು ಡಿ ವಿಟಮಿನ್ ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಗೇಡು, ಮನಸ್ಸಿನ ಕುಗ್ಗು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಇಮಾಟಿನಿಬ್ ಶುರುವಾದ ಮೇಲೆ ಅದರ ಡೋಸು ಸಾಲದೆ ಹೋಗಬಹುದು. ಸಿಎಲ್‌ಎಲ್‌ನವರಲ್ಲಿ ಕೆಲವೊಮ್ಮೆ ದೇಹವೇ ತನ್ನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸುಸ್ತಿನ ಜೊತೆ ಕಣ್ಣು ಹಳದಿಯಾದರೆ ತಡಮಾಡಬೇಡಿ.

ಇದೆಲ್ಲ ಸರಿಯಿದ್ದೂ ಸುಸ್ತಿದ್ದರೆ, ನಂಬುವುದು ಕಷ್ಟ, ನಡಿಗೆಯೇ ಮದ್ದು. ಹಿತಮಿತವಾದ ವ್ಯಾಯಾಮದಿಂದ ಕ್ಯಾನ್ಸರ್ ರೋಗಿಗಳ ಸುಸ್ತು ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳು ಕಂಡುಕೊಂಡಿವೆ. ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೊದಲ ವಾರ ಎರಡನೇ ಕಲ್ಲುಬೆಂಚಿನವರೆಗೆ ನಡೆದು ವಾಪಸಾಗುತ್ತಿದ್ದೆ. ಇಡೀ ಕೆರೆ ಸುತ್ತಲು ಐದು ತಿಂಗಳು ಬೇಕಾಯಿತು. ಚಾಮುಂಡಿ ಬೆಟ್ಟದ ಮೆಟ್ಟಿಲು ಮೊದಲೇ ಹತ್ತಲು ಹೋಗಬೇಡಿ. ಗುಲ್ಮ ತುಂಬಾ ಊದಿದ್ದಾಗ ಹೊಟ್ಟೆಗೆ ಪೆಟ್ಟಾಗುವ ಆಟ, ಭಾರ ಎತ್ತುವುದು ಬೇಡ.

ದಿನದಲ್ಲಿ ಯಾವ ಹೊತ್ತು ಮೈ ಹಗುರ ಅಂತ ಎರಡು ವಾರ ಬರೆದು ನೋಡಿ. ನನಗೆ ಬೆಳಿಗ್ಗೆ ಎಂಟರಿಂದ ಹನ್ನೊಂದು. ಮುಖ್ಯವಾದ ಕೆಲಸವೆಲ್ಲ ಆ ಹೊತ್ತಿಗೆ. ಮಧ್ಯಾಹ್ನ ಅರ್ಧ ಗಂಟೆ ಒರಗುತ್ತೇನೆ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮನೆಯವರಿಗೆ ಅರ್ಥಮಾಡಿಸಲು ಒಂದು ಸಲ ಅವರನ್ನೂ ಡಾಕ್ಟರ ಮುಂದೆ ಕೂರಿಸಿ. ನಾವು ಹತ್ತು ವರ್ಷ ಹೇಳಿದ್ದಕ್ಕಿಂತ ಅವರು ಹತ್ತು ನಿಮಿಷ ಹೇಳಿದ್ದು ಇಳಿಯುತ್ತದೆ.

ಬೆಳಿಗ್ಗೆ ಕಣ್ಣು ಊದಿರುತ್ತೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತೆ. ಮಾತ್ರೆ ಒಗ್ಗುತ್ತಿಲ್ಲವಾ?

ಇಮಾಟಿನಿಬ್‌ನಲ್ಲಿ ಎರಡೂ ಬಹಳ ಸಾಮಾನ್ಯ. ಉಪ್ಪು ಕಡಿಮೆಮಾಡಿ, ಉಪ್ಪಿನಕಾಯಿ, ಹಪ್ಪಳ, ಒಣಮೀನನ್ನೂ. ಎತ್ತರದ ದಿಂಬು ಹಾಕಿಕೊಂಡರೆ ಕಣ್ಣಿನ ಊತ ಕಡಿಮೆ. ಸೆಳೆತಕ್ಕೆ ನೀರು ಚೆನ್ನಾಗಿ ಕುಡಿಯುವುದು, ಮಲಗುವ ಮುಂಚೆ ಕಾಲು ಚಾಚಿ ಎಳೆಯುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಪರೀಕ್ಷಿಸಲು ಕೇಳಿ. ತೂಕ ಒಂದೇ ವಾರದಲ್ಲಿ ಎರಡು ಮೂರು ಕೆಜಿ ಏರಿದರೆ ಅದು ನೀರು, ಫೋನ್ ಮಾಡಿ ತಿಳಿಸಿ.

ಇನ್ನೊಂದು ಮಾತು. ಈ ಮಾತ್ರೆಯಿಂದ ಚರ್ಮದ ಬಣ್ಣ ತಿಳಿಯಾಗಬಹುದು, ಕೆಲವರಿಗೆ ಅಲ್ಲಲ್ಲಿ ಕಪ್ಪೂ ಆಗುತ್ತದೆ. ಊರಿಗೆ ಹೋದಾಗ "ಏನವ್ವಾ, ಮೈಸೂರ್ ನೀರು ಬಿದ್ದು ಬೆಳ್ಳಗಾಗಿದ್ದೀಯ" ಅಂತ ಸಂತೋಷಪಟ್ಟ ಅತ್ತೆಯಂದಿರಿಗೆ ನಾನು ಏನೂ ಹೇಳಲಾಗದೆ ಒಳಗೆ ಹೋಗಿ ಅತ್ತಿದ್ದೇನೆ. ಬಿಸಿಲಿಗೆ ಇಂಥ ಚರ್ಮ ಬೇಗ ಸುಡುತ್ತದೆ. ಸೆರಗು, ಟವೆಲ್, ಕೊಡೆ ಇರಲಿ.

ಇಮಾಟಿನಿಬ್ ಒಗ್ಗದೇ ಹೋದರೆ ಡಾಸಾಟಿನಿಬ್, ನಿಲೋಟಿನಿಬ್, ಬೋಸುಟಿನಿಬ್ ಇವೆ. ಒಂದೊಂದರ ಕಾಟ ಒಂದೊಂದು ಥರ. ಡಾಸಾಟಿನಿಬ್‌ನಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಬಹುದು, ನಿಲೋಟಿನಿಬ್‌ನಲ್ಲಿ ಸಕ್ಕರೆ, ಹೃದಯ, ರಕ್ತನಾಳದ ಮೇಲೆ ಕಣ್ಣಿಡಬೇಕು, ಬೋಸುಟಿನಿಬ್‌ನಲ್ಲಿ ಭೇದಿ. ನಿಮಗಿರುವ ಬೇರೆ ಕಾಯಿಲೆ ನೋಡಿ ಆರಿಸುತ್ತಾರೆ. ಹಾಗಾಗಿ ಬಿಪಿ, ಶುಗರ್, ಹಳೇ ಹೃದಯದ ತೊಂದರೆ ಏನನ್ನೂ ಮುಚ್ಚಿಡಬೇಡಿ.

ಊಟದಲ್ಲಿ ಪಥ್ಯ ಏನು? ಮುದ್ದೆ ತಿನ್ನಬಹುದಾ?

ಮುದ್ದೆ, ಬಸ್ಸಾರು, ಉಪ್ಸಾರು, ಸೊಪ್ಪು, ಕಾಳು, ಮೊಟ್ಟೆ, ಚೆನ್ನಾಗಿ ಬೆಂದ ಮೀನು, ಕೋಳಿ ಎಲ್ಲ ತಿನ್ನಿ. ಕ್ಯಾನ್ಸರ್ ಇದ್ದವರು ಸಕ್ಕರೆ ಮುಟ್ಟಬಾರದು ಅನ್ನುವವರು ನಮ್ಮ ಕಡೆ ಬಹಳ, ಅದಕ್ಕೆ ಆಲೆಮನೆಯ ಬೆಲ್ಲವನ್ನೂ ಬಿಟ್ಟವರಿದ್ದಾರೆ. ಶುಗರ್ ಇಲ್ಲದವರು ಹಿತವಾಗಿ ತಿನ್ನಲು ಅಡ್ಡಿಯಿಲ್ಲ.

ನಿಜವಾದ ಪಥ್ಯ ಯಾರೂ ಹೇಳದ ಹಣ್ಣೊಂದರದು. ಚಕ್ಕೋತ ಮತ್ತು ಅದರ ಜಾತಿಯ ಗ್ರೇಪ್‌ಫ್ರೂಟ್ ನಮ್ಮ ಈ ಮಾತ್ರೆಗಳನ್ನು ಕರುಳು, ಪಿತ್ತಜನಕಾಂಗಗಳು ಕರಗಿಸುವ ಬಗೆಯನ್ನೇ ತಡೆಯುತ್ತವೆ. ಔಷಧಿ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಸಿಎಲ್‌ಎಲ್‌ನ ಐಬ್ರುಟಿನಿಬ್, ವೆನೆಟೋಕ್ಲಾಕ್ಸ್‌ಗೂ ಇದು ಅನ್ವಯ. ಬೆಂಗಳೂರಿನ ನೆಂಟರು ದೇವನಹಳ್ಳಿ ಚಕ್ಕೋತ ತಂದುಕೊಟ್ಟರೆ ಮನೆಯ ಬೇರೆಯವರು ತಿನ್ನಲಿ. ಕಿತ್ತಳೆ, ಮೂಸಂಬಿ, ಬಾಳೆ ನಿಮಗಿರಲಿ.

ಇಮಾಟಿನಿಬ್ ಊಟದ ಜೊತೆಗೇ ಆಗಬೇಕು. ನಿಲೋಟಿನಿಬ್ ಕ್ಯಾಪ್ಸೂಲ್ ಆದರೆ ನುಂಗುವ ಮುಂಚಿನ ಎರಡು ಗಂಟೆ, ನಂತರದ ಒಂದು ಗಂಟೆ ಏನನ್ನೂ ತಿನ್ನುವಂತಿಲ್ಲ. ಒಬ್ಬರ ಮಾತು ಕೇಳಿ ಇನ್ನೊಬ್ಬರು ಪಾಲಿಸಿದರೆ ಅಪಾಯ, ನಿಮ್ಮ ಮಾತ್ರೆಯ ಹೆಸರು ನೋಡಿಕೊಳ್ಳಿ. ಸೋಮವಾರದ ಒಪ್ಪೊತ್ತಾಗಲಿ, ರಂಜಾನ್ ಉಪವಾಸವಾಗಲಿ, ದಿನಕ್ಕೊಂದೇ ಮಾತ್ರೆಯವರು ಆ ಒಂದು ಊಟದ ಹೊತ್ತಿಗೆ ಹೊಂದಿಸಿಕೊಳ್ಳಬಹುದು, ಡಾಕ್ಟರಿಗೆ ಒಂದು ಮಾತು ಹೇಳಿ.

ಗ್ಯಾಸ್ ಮಾತ್ರೆ, ನೋವಿನ ಮಾತ್ರೆ ಅಂಗಡಿಯಲ್ಲಿ ತಗೊಂಡರೆ ಪರವಾಗಿಲ್ವಾ?

ಗ್ಯಾಸ್‌ಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದವು ಡಾಸಾಟಿನಿಬ್ ಮೈಗೆ ಹತ್ತದಂತೆ ಮಾಡುತ್ತವೆ. ಕ್ಷಯದ ರಿಫಾಂಪಿಸಿನ್ ಇಮಾಟಿನಿಬ್‌ನ ಪ್ರಮಾಣವನ್ನು ಇಳಿಸುತ್ತದೆ, ಕೆಲವು ಫಂಗಸ್ ಮಾತ್ರೆಗಳು ಏರಿಸುತ್ತವೆ. ಐಬ್ರುಟಿನಿಬ್ ತೆಗೆದುಕೊಳ್ಳುವವರಿಗೆ ರಕ್ತ ಸುಲಭವಾಗಿ ಸೋರುತ್ತದೆ, ಹಲ್ಲು ಕೀಳಿಸುವ ಮುಂಚೆಯೂ ತಿಳಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ನಿಮ್ಮ ಮಾತ್ರೆಯ ಚೀಟಿ ತೋರಿಸದೆ ಏನನ್ನೂ ಕೊಳ್ಳಬೇಡಿ.

ನಾಟಿ ಔಷಧಿ? ಅಮೃತಬಳ್ಳಿ ಕಷಾಯ?

ನಮ್ಮ ಅಜ್ಜಿಯೂ ನಾಟಿ ಔಷಧಿ ಕೊಡುತ್ತಿದ್ದವಳೇ, ನನಗೆ ಅದರ ಮೇಲೆ ಗೌರವವಿದೆ. ಆದರೆ ಅಮೃತಬಳ್ಳಿಯಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ, ನಮ್ಮ ಮಾತ್ರೆಯೂ ಪಿತ್ತಜನಕಾಂಗದ ಮೂಲಕವೇ ಹಾಯುವುದು. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಕ್ಯಾನ್ಸರ್ ಗ್ಯಾರಂಟಿ ವಾಸಿ ಅಂತ ಅಂಟಿಸಿದ ಕಡೆ ಹೋಗಿ ಇಮಾಟಿನಿಬ್ ಬಿಟ್ಟವರೊಬ್ಬರು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಎಂಟು ತಿಂಗಳಾದ ಮೇಲೆ ಬಂದಾಗ ಕಾಯಿಲೆ ಮುಂದಿನ ಹಂತಕ್ಕೆ ಹೋಗಿತ್ತು. ಕುಡಿಯಲೇಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ ಕುಡಿಯಿರಿ, ಕದ್ದು ಕುಡಿಯಬೇಡಿ.

ಜ್ವರ ಬಂದರೆ?

ಭತ್ತದ ಬಯಲು, ನಾಲೆಗಳ ನಮ್ಮ ಸೀಮೆಯಲ್ಲಿ ಮಳೆಗಾಲ ಬಂದರೆ ಡೆಂಗಿ ಇದ್ದದ್ದೇ. 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಕೂರಬೇಡಿ, ಸಿಎಲ್‌ಎಲ್‌ನವರಂತೂ ಅದೇ ದಿನ ಹೋಗಬೇಕು, ಅವರಲ್ಲಿ ಸೋಂಕು ಬೇಗ ಏರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಪ್ಲೇಟ್‌ಲೆಟ್ ಇಳಿದರೆ ಪಪ್ಪಾಯ ಎಲೆಯ ರಸ ನಂಬಿ ಕಾಯಬೇಡಿ.

ಸಿಎಲ್‌ಎಲ್‌ನವರಿಗೆ ಸರ್ಪಸುತ್ತು ಹೆಚ್ಚು. ಮೈಯ ಒಂದೇ ಮಗ್ಗುಲಲ್ಲಿ ಉರಿಯುವ ಗುಳ್ಳೆ ಕಂಡರೆ ಬರೆಸಿಕೊಳ್ಳಲು, ಮಂತ್ರಿಸಿಕೊಳ್ಳಲು ಹೋಗುವ ಮುಂಚೆ ಆಸ್ಪತ್ರೆಗೆ ಹೋಗಿ, ಮೂರು ದಿನದೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ, ಜೀವಂತ ಸೂಕ್ಷ್ಮಾಣು ಇರುವ ಲಸಿಕೆ ಬೇಡ. ದಸರಾ ಜಂಬೂಸವಾರಿ ನೋಡುವ ಆಸೆಯಿದ್ದರೆ ಮಾಸ್ಕ್ ಹಾಕಿ, ಗುಂಪಿನ ಅಂಚಿನಲ್ಲಿ ನಿಂತು ನೋಡಿ.

ಗದ್ದೆ ಕೆಲಸ ಮಾಡಬಹುದಾ? ಕೆಲಸದ ಕಡೆ ಹೇಳಬೇಕಾ?

ಮಾಡಬಹುದು, ಮೈ ಒಪ್ಪುವಷ್ಟು. ಕಬ್ಬಿನ ಗದ್ದೆಗೆ ಔಷಧಿ ಹೊಡೆಯುವ ಕೆಲಸ ಬೇರೆಯವರಿಗೆ ಬಿಡಿ. ಬರಿಗಾಲು ಬೇಡ. ಕುಡುಗೋಲು ತಾಗಿದರೆ ತೊಳೆದು ಕಟ್ಟಿ, ಊದಿದರೆ ತೋರಿಸಿ.

ಉದ್ಯೋಗದ ಕಡೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹೇಳಿದ ಮೇಲೆ, ಕೇಳದೆಯೇ ನನ್ನ ತರಗತಿಗಳನ್ನು ಬೇರೆಯವರಿಗೆ ಹಂಚಿದರು. ಅಯ್ಯೋ ಪಾಪ ಅಂತ ಮಾಡಿದ್ದು ಇರಬಹುದು. ಪಾಠ ಮಾಡುವ ಶಕ್ತಿ ನಿನಗಿದೆಯಾ ಅಂತ ಒಬ್ಬರೂ ಕೇಳಲಿಲ್ಲವಲ್ಲ, ಆ ನೋವು ಉಳಿಯಿತು. ಈಗ ಹೇಳುವುದಾದರೆ, ಏನು ಮಾಡಬಲ್ಲೆ, ತಪಾಸಣೆಗೆ ಯಾವ ದಿನ ರಜೆ ಬೇಕು ಎರಡನ್ನೂ ಒಟ್ಟಿಗೇ ಹೇಳಿ ಅನ್ನುತ್ತೇನೆ.

ಮಗಳಿಗೆ ಇಪ್ಪತ್ನಾಲ್ಕು. ಸಿಎಂಎಲ್ ಇದೆ. ಗಂಡಿನ ಕಡೆಗೆ ಹೇಳದೆ ಮದುವೆ ಮಾಡಿಬಿಡೋಣವಾ?

ನಮ್ಮ ದೇಶದಲ್ಲಿ ಸಿಎಂಎಲ್ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ. ಹಾಗಾಗಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ತಾಯಂದಿರೇ ಕೇಳುತ್ತಾರೆ. ನನ್ನ ಉತ್ತರ ಗಟ್ಟಿಯಾಗಿದೆ: ಬೇಡ ಅಕ್ಕಾ. ಮುಚ್ಚಿಟ್ಟು ಮದುವೆಯಾದ ಹುಡುಗಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ. ಅತ್ತೆಮನೆಯಲ್ಲಿ ಡಬ್ಬಿ ಎಲ್ಲಿಡುವುದು, ಯಾರು ನೋಡಿದರೆ ಏನು ಹೇಳುವುದು ಅಂತ ಹೆದರಿ ಹೆದರಿ ಕೊನೆಗೆ ನುಂಗುವುದನ್ನೇ ಬಿಡುತ್ತಾಳೆ.

ಇನ್ನೂ ದೊಡ್ಡ ಕಾರಣವಿದೆ. ಇಮಾಟಿನಿಬ್ ಮತ್ತು ಅದರ ಬಳಗದ ಮಾತ್ರೆಗಳು ಗರ್ಭದ ಕೂಸಿಗೆ ಅಂಗಾಂಗದ ಊನ ತರಬಲ್ಲವು. ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಎದೆಹಾಲೂ ಕೊಡುವಂತಿಲ್ಲ. ಹಾಗಂತ ತಾಯ್ತನದ ಬಾಗಿಲು ಮುಚ್ಚಿಲ್ಲ. ಪರೀಕ್ಷೆಯಲ್ಲಿ ಕಾಯಿಲೆ ಬಹಳ ಬಹಳ ಕಡಿಮೆಯಾಗಿ ವರ್ಷಗಟ್ಟಲೆ ಹಾಗೇ ಉಳಿದಿದ್ದರೆ, ತಜ್ಞರು ಲೆಕ್ಕಹಾಕಿ ಮಾತ್ರೆ ನಿಲ್ಲಿಸಿ, ಪದೇ ಪದೇ ರಕ್ತ ನೋಡುತ್ತಾ, ಅಗತ್ಯಬಿದ್ದರೆ ಇಂಟರ್‌ಫೆರಾನ್ ಕೊಡುತ್ತಾ ಬಸಿರು ಬಾಣಂತನ ದಾಟಿಸುತ್ತಾರೆ. ಇದಕ್ಕೆ ಗಂಡನೂ ಜೊತೆ ನಿಲ್ಲಬೇಕು, ಗುಟ್ಟಿನಲ್ಲಿ ಆಗುವ ಕೆಲಸವಲ್ಲ. ಮದುವೆಯಾದ ವರ್ಷವೇ ತೊಟ್ಟಿಲು ಕೇಳುವ ಮನೆಯಲ್ಲಿ ಗುಟ್ಟು ಇಟ್ಟುಕೊಂಡರೆ ಆ ಹುಡುಗಿಯ ಗತಿ ಯೋಚಿಸಿ. ಗೊತ್ತಾಗದೆ ಗರ್ಭ ನಿಂತಿದ್ದರೆ ಆ ದಿನವೇ ಡಾಕ್ಟರಿಗೆ ತಿಳಿಸಿ, ಮುಂದಿನ ದಾರಿ ಅವರೊಂದಿಗೆ ಕೂತು ನೋಡಿ.

ಗಂಡಸರು ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದರೂ ಸಾಮಾನ್ಯವಾಗಿ ತಂದೆಯಾಗಲು ಅಡ್ಡಿಯಿಲ್ಲ, ಬೇರೆ ಮಾತ್ರೆಯಾದರೆ ಕೇಳಿಕೊಳ್ಳಿ. ಗಂಡ ಹೆಂಡತಿ ಕೂಡುವುದರಿಂದ ಕಾಯಿಲೆ ಹರಡುವುದಿಲ್ಲ. ಆಸೆ ಕುಗ್ಗುವುದು ಇಬ್ಬರಲ್ಲೂ ಉಂಟು, ಅದನ್ನೂ ಡಾಕ್ಟರಿಗೆ ಹೇಳಬಹುದು. ಹೇಳಬಹುದು ಅನ್ನುವುದೇ ನನಗೆ ಏಳು ವರ್ಷ ಗೊತ್ತಿರಲಿಲ್ಲ.

ಜೀವನಪೂರ್ತಿ ಮಾತ್ರೆ ಅಂದರೆ ದುಡ್ಡೆಲ್ಲಿಂದ ತರುವುದು?

ಮೂಲ ಕಂಪನಿಯ ಇಮಾಟಿನಿಬ್‌ಗೆ ಒಂದು ಕಾಲದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಇಲ್ಲ ಅಂದಿತು. ನಮ್ಮ ದೇಶದ ಕಂಪನಿಗಳು ತಯಾರಿಸುವ ಮಾತ್ರೆ ಉಳಿದು, ಬೆಲೆ ಇನ್ನಷ್ಟು ಇಳಿಯಿತು. ಆ ದಿನದ ಪೇಪರನ್ನು ನಾನು ಇಟ್ಟುಕೊಂಡಿದ್ದೇನೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ, ಎಪಿಎಲ್‌ನವರಿಗೆ ವೆಚ್ಚದ ಶೇಕಡಾ 30, ಮಿತಿ 1.5 ಲಕ್ಷ. ಯಾವ ಆಸ್ಪತ್ರೆಯಲ್ಲಿ ನಿಮ್ಮ ಮಾತ್ರೆಗೆ ಅನ್ವಯಿಸುತ್ತದೆ ಅಂತ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಬೆಂಗಳೂರಿನ ಕಿದ್ವಾಯಿ, ಎಲ್ಲಿ ಹೋದರೂ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75, ಎರಡನೇ ದರ್ಜೆಯಲ್ಲಿ ಇಬ್ಬರಿಗೂ 75. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ದುಡ್ಡಿಲ್ಲ ಅಂತ ಎರಡು ದಿನಕ್ಕೊಂದು ಮಾತ್ರೆ ನುಂಗುವವರಿದ್ದಾರೆ. ಹಾಗೆ ಮಾಡುವ ಮುಂಚೆ ಬಾಯಿಬಿಟ್ಟು ಹೇಳಿ. ಬಡತನ ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಪಿಸಿಆರ್ ರಿಪೋರ್ಟನ್ನು ಹೇಗೆ ಓದುವುದು?

ಇದು ನಮ್ಮಂಥ ಸಿಎಂಎಲ್ ಇದ್ದವರ ರಕ್ತ ಪರೀಕ್ಷೆ. ಮೇಲೆ ಹೇಳಿದ ಬಿಸಿಆರ್-ಎಬಿಎಲ್ ಎಂಬ ಕೆಟ್ಟ ಜೀನ್ ಎಷ್ಟು ಉಳಿದಿದೆ ಅಂತ ಅದು ಹೇಳುತ್ತದೆ. ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಶೇಕಡಾ 10ಕ್ಕೆ, ಆರು ತಿಂಗಳಿಗೆ 1ಕ್ಕೆ, ವರ್ಷಕ್ಕೆ 0.1ಕ್ಕೆ ಇಳಿದರೆ ದಾರಿ ಸರಿಯಿದೆ. ಅಂತರರಾಷ್ಟ್ರೀಯ ಮಾಪಕದಲ್ಲಿ ಕೊಡುವ ಲ್ಯಾಬು ಇರಲಿ, ಪ್ರತಿಸಲ ಅದೇ ಲ್ಯಾಬು ಇರಲಿ. 0.02 ಇದ್ದದ್ದು 0.04 ಆಯಿತು ಅಂತ ನಿದ್ದೆಗೆಡಬೇಡಿ, ಏರುತ್ತಲೇ ಇದೆಯಾ ಅನ್ನುವುದು ಮುಖ್ಯ.

ರಿಪೋರ್ಟು ಬರುವವರೆಗಿನ ದಿನಗಳು ಯಾರಿಗೂ ಸುಲಭವಲ್ಲ. ಇಷ್ಟು ವರ್ಷದ ಮೇಲೂ ಆ ವಾರ ನನ್ನ ಅಡುಗೆಗೆ ಉಪ್ಪು ಹೆಚ್ಚುಕಡಿಮೆಯಾಗುತ್ತದೆ, ಮನೆಯವರಿಗೆ ಗೊತ್ತು, ಸುಮ್ಮನೆ ಉಣ್ಣುತ್ತಾರೆ. ಆದರೆ ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸಿದರೆ ಅದು ಬೇರೆ ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾವತ್ತಾದರೂ ಮಾತ್ರೆ ನಿಲ್ಲಿಸಬಹುದಾ?

ಸಿಎಂಎಲ್‌ನಲ್ಲಿ ಕೆಲವರಿಗೆ ಸಾಧ್ಯ. ಹಲವು ವರ್ಷ ಮಾತ್ರೆ ತೆಗೆದುಕೊಂಡು, ಅದರಲ್ಲಿ ಕಡೇಪಕ್ಷ ಎರಡು ವರ್ಷ ಪಿಸಿಆರ್ 0.01ಕ್ಕಿಂತ ಮೇಲೆ ಹೋಗದೆ ನಿಂತಿದ್ದರೆ ತಜ್ಞರು ಯೋಚಿಸುತ್ತಾರೆ. ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮರಳಿ ಬರುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಮತ್ತೆ ಶುರುಮಾಡಿದರೆ ಬಹುತೇಕ ಎಲ್ಲರಿಗೂ ಹಿಡಿತಕ್ಕೆ ಬರುತ್ತದೆ. ಮೊದಲ ತಿಂಗಳುಗಳಲ್ಲಿ ತಿಂಗಳು ತಿಂಗಳೂ ಪಿಸಿಆರ್ ಮಾಡಿಸುವ ಅನುಕೂಲ ಇಲ್ಲದಿದ್ದರೆ ಇದಕ್ಕೆ ಕೈಹಾಕಬಾರದು. ಕೆಲವರಿಗೆ ನಿಲ್ಲಿಸಿದ ಮೇಲೆ ಕೆಲವು ತಿಂಗಳು ಮೈಕೈ ಕೀಲು ನೋವು ಬರುತ್ತದೆ, ಹೆದರಬೇಡಿ.

ಯಾವಾಗ ಕಾಯದೆ ಓಡಬೇಕು?

ಉಸಿರಾಟ ಕಷ್ಟ, ಅದರಲ್ಲೂ ಮಲಗಿದಾಗ. ಎದೆನೋವು, ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದು. ನಿಲ್ಲದ ರಕ್ತ, ಕಪ್ಪು ಮಲ. ಕಣ್ಣು ಹಳದಿ ಅಥವಾ ಮಂಜು. ಎಡಪಕ್ಕೆಯಲ್ಲಿ ತಟ್ಟನೆ ತೀವ್ರ ನೋವು. ಜ್ವರದ ಮಾತು ಮೇಲೆ ಹೇಳಿದೆ.

ತಪಾಸಣೆಗೆ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಹಳೇ ರಿಪೋರ್ಟುಗಳ ಫೈಲು, ದಿನಾಂಕದ ಪ್ರಕಾರ ಜೋಡಿಸಿ. ಉಳಿದ ಮಾತ್ರೆಯ ಸ್ಟ್ರಿಪ್ಪು, ಎಣಿಸಲು. ಬೇರೆ ಡಾಕ್ಟರು ಕೊಟ್ಟ ಎಲ್ಲ ಮಾತ್ರೆ, ಕಷಾಯದ ಬಾಟಲಿ ಸೇರಿ. ನೀರು, ತಿನ್ನಲು ಏನಾದರೂ, ಹೊತ್ತಾಗುತ್ತದೆ. ಆಮೇಲೆ ಒಂದು ನಲವತ್ತು ಪುಟದ ನೋಟ್‌ಬುಕ್. ಹಿಂದಿನ ರಾತ್ರಿ ಕೂತು ಮೂರು ತಿಂಗಳಲ್ಲಿ ಆದ ತೊಂದರೆ ಬರೆಯಿರಿ, ಓದುಬರಹ ಬಾರದಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ. ಒಳಗೆ ಹೋದಾಗ ಐದು ನಿಮಿಷವೂ ಸಿಗದಿರಬಹುದು, ಹಾಗಾಗಿ ಹೇಳಲು ನಾಚಿಕೆಯಾಗುವುದನ್ನು ಮೊದಲ ಸಾಲಿನಲ್ಲೇ ಬರೆದಿಡಿ. ಬಾಯಿ ಬಾರದಿದ್ದರೆ ಪುಸ್ತಕವನ್ನೇ ಅವರ ಕೈಗೆ ಕೊಡಿ. ಮಂಡ್ಯದ ಯಜಮಾನರು ಈಗಲೂ ಹಾಗೇ ಮಾಡುವುದು.